ಕಾಸಿ ಆರಿಸಿದ ನೀರು

೬ ಜನವರಿ ೧೯೯೪, ಗುರುವಾರ. ಚಿಕ್ಕೋಡಿ. ಬೆಳಿಗ್ಗೆ ೭

ಗಾಳಿ ೧೩ ಡಿಗ್ರಿ. ಗಡಿಗೆಯ ನೀರು ೧೫. ನೆಲಕ್ಕೆ ಥರ್ಮಾಮೀಟರ್ ಬೇಡ, ಹಿಮ್ಮಡಿಯೇ ಹೇಳುತ್ತದೆ.

ಸತ್ತೆಪ್ಪನ ಹೊಲಿಗೆ ಅಂಗಡಿ. ನೆಲ ಏರುತಗ್ಗು, ಮಷಿನ್ ಅಲ್ಲಾಡುತ್ತದೆ ಅಂತ ಕರೆಸಿದ. ನಿನ್ನೆ ಮುಂಜಾನೆ ಅರ್ಧ ಅಂಗಡಿಗೆ ಲೆವೆಲಿಂಗ್ ಪುಡಿ ಸುರಿದೆ. ಇವತ್ತೂ ಗಟ್ಟಿಯಾಗಿಲ್ಲ. ಬೆರಳೊತ್ತಿದರೆ ಬೆರಳು ಮೂಡುತ್ತದೆ.

ಪುಣೆಯಲ್ಲಿ ಆರು ವರ್ಷ ದುಡಿದು ಕಲಿತು ತಂದ ವಿದ್ಯೆ ಇದೊಂದೇ. ನೀರಲ್ಲಿ ಕಲಸಿ ಸುರಿದರೆ ತಾನೇ ಹರಿದು ಸಮನಾಗುವ ಪುಡಿ. ಈ ಕಡೆ ಯಾರೂ ಕಂಡಿಲ್ಲ. ಅಲ್ಲಿ ಮುಚ್ಚಿದ ಫ್ಯಾಕ್ಟರಿ, ಒಳಗೆ ಬೆಚ್ಚಗೆ. ಇಲ್ಲಿ ಒಂದು ಕಡೆ ಪೂರ್ತಿ ತೆರೆದ ಅಂಗಡಿ, ರಾತ್ರಿಯೆಲ್ಲ ಚಳಿ ಒಳಗೇ ಮಲಗಿತ್ತು. ಸತ್ತೆಪ್ಪ ನಿನ್ನೆಯೇ ನಾಲ್ಕು ಸಲ ಬಂದು ಬಗ್ಗಿ ನೋಡಿ, ಇದು ನೆಲವೋ ಅಂಬಲಿಯೋ ಅಂತ ಕೇಳಿ ಹೋದ. ನಾಲ್ಕನೇ ಸಲ ಚಪ್ಪಲಿ ಕಾಲಿಟ್ಟೇ ಬಿಟ್ಟ. ಸಿಟ್ಟು ಬಂತು. ನುಂಗಿಕೊಂಡೆ. ನುಂಗಿದ್ದನ್ನು ರಾತ್ರಿ ಮನೆಯಲ್ಲಿ ಹೆಂಡತಿ ಚನ್ನವ್ವನ ಮೇಲೆ ಕಕ್ಕಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

೮ ಜನವರಿ, ಶನಿವಾರ

ಉಳಿದರ್ಧ ಅಂಗಡಿ ಇವತ್ತು. ಕಲಸುವ ಕೆಲಸ ಯಾವಾಗಲೂ ಚನ್ನವ್ವನದು. ಬಂದವಳೇ ಮೂರು ಕಲ್ಲಿಟ್ಟು ಒಲೆ ಹೂಡಿ ನೀರಿಗೆ ಉರಿ ಹಾಕಿದಳು. ಕಾದ ಮೇಲೆ ತಣ್ಣೀರು ಬೆರೆಸುತ್ತ, ಮಣಿಕಟ್ಟಿನ ಒಳಮಗ್ಗುಲು ಅದ್ದಿ ನೋಡುತ್ತ ಕೂತಳು. ಅಕ್ಕಂದಿರ ಕೂಸುಗಳನ್ನೆಲ್ಲ ಎರೆದು ದೊಡ್ಡದು ಮಾಡಿದವಳು. ಅದೇ ಲೆಕ್ಕ ಇಲ್ಲೂ. ಅವಳು ಸಾಕು ಅಂದಾಗ ಥರ್ಮಾಮೀಟರ್ ಇಳಿಸಿದೆ — ೨೫. ಪುಣೆಯ ಎಂಜಿನಿಯರ್ ಹೇಳುತ್ತಿದ್ದ ಅಂಕಿ ಅದೇ!

ಅಂಗಡಿಯ ತೆರೆದ ಕಡೆ ಗೋಣಿ ತಟ್ಟಿನ ಪರದೆ ಕಟ್ಟಿದೆವು. ಸಂಜೆಗೆ ನೆಲ ಕಲ್ಲು.

ಬರುವಾಗ ಬಸ್ಸಿನಲ್ಲಿ ಅಂದಳು — "ನೆಲಕ್ಕ ಹಿಂಗ ನೀರ ಕಾಸತೇವಿ. ನನಗ ಒಂದ ದಿನಾರ ಕಾಸಿ ಕೊಟ್ಟೀರೇನ್ರಿ?"

ನಕ್ಕೆ. ಅವಳೂ ನಕ್ಕಳು.

೨೦ ಫೆಬ್ರುವರಿ, ಭಾನುವಾರ

ಕಾಗವಾಡದಿಂದ ಧರಣೇಂದ್ರ ಅಣ್ಣಾ ಬಂದಿದ್ದರು, ಏಕಸಂಬಿಯ ನಮ್ಮ ಮನೆ ಹುಡುಕಿಕೊಂಡು. ಜೈನರು, ದ್ರಾಕ್ಷಿ ತೋಟ, ಕಬ್ಬು. ಸತ್ತೆಪ್ಪನ ಹತ್ತಿರ ಅಂಗಿ ಹೊಲಿಸಲು ಹೋದಾಗ ನೆಲ ನೋಡಿದರಂತೆ. ಚಪ್ಪಲಿ ಗುರುತಿನ ಅರ್ಧವನ್ನೂ ನೋಡಿದರಂತೆ. ಆದರೂ ಬಂದಿದ್ದಾರೆ.

ವಿಷಯ ಅವರ ತಾಯಿಯದು. ಲಕ್ಷ್ಮಿಬಾಯಿ, ಎಪ್ಪತ್ತಾರು. ಕಣ್ಣು ಹೋಗಿ ಒಂಬತ್ತು ವರ್ಷ. ಹೋದ ವರ್ಷ ಅಕ್ಷಯ ತದಿಗೆ ದಿನ ಮುನಿಸ್ವಾಮಿಗಳು ಇವರ ಮನೆಗೆ ಆಹಾರಕ್ಕೆ ಬಂದರು. ದಿನಕ್ಕೆ ಒಂದೇ ಹೊತ್ತು ಉಣ್ಣುವವರು. ಎಲ್ಲರೂ ಬರಮಾಡಿಕೊಂಡು ಪಡಸಾಲೆಯಲ್ಲಿ ನಡೆಯುವಾಗ ಅಜ್ಜಿ ಎಡವಿ ಬಿದ್ದರು. ಅಂತರಾಯವಾಯಿತು — ಅಡ್ಡಿ. ಅಡ್ಡಿಯಾದರೆ ಸ್ವಾಮಿಗಳು ಅವತ್ತು ಉಣ್ಣುವುದಿಲ್ಲ, ನೀರೂ ಇಲ್ಲ. ಹಾಗೇ ಹಿಂತಿರುಗಿದರು. ನನ್ನ ಕಾಲಿನಿಂದ ಸ್ವಾಮಿಗಳು ಉಪವಾಸ ಅಂತ ಅಜ್ಜಿ ಮೂರು ದಿನ ಬಾಯಿಗೆ ಏನೂ ಹಾಕಲಿಲ್ಲವಂತೆ. ಈ ವರ್ಷ ಆ ದಿನ ದನದ ಕೊಟ್ಟಿಗೆಯಲ್ಲಿ ಕೂರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದಾರೆ.

"ಅವ್ವ ಎಲ್ಲಾರ ಜೋಡಿ ತಾನs ನಡಕೊಂಡ ಬರಬೇಕ ಲಗಮಣ್ಣಾ. ಯಾರ ಕೈ ಹಿಡೀದs. ಅಷ್ಟ ಮಾಡಿಕೊಡು."

ಮಾಡಿಕೊಡುತ್ತೇನೆ ಅಂದೆ. ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಕೆಲಸ.

೧೭ ಏಪ್ರಿಲ್, ಭಾನುವಾರ

ಎಂಟು ವಾರ ಈ ಪುಸ್ತಕ ಮುಟ್ಟಿಲ್ಲ. ಚನ್ನವ್ವ ತೆಲಸಂಗದಲ್ಲಿದ್ದಳು, ಅವಳ ಅಪ್ಪನಿಗೆ ಹುಷಾರಿರಲಿಲ್ಲ. ಅವಳಿಲ್ಲದೆ ಒಂದು ಸಣ್ಣ ಕೆಲಸ ಹಿಡಿದು ನಾನೇ ಕಲಸಿದೆ. ಉಂಡೆ ಉಂಡೆ. ಮನೆಯಲ್ಲಿ ಅನ್ನವೂ ಹಾಗೇ. ಮೊನ್ನೆ ಬಂದಳು, ಮಾವ ಸುಧಾರಿಸಿದ್ದಾರೆ. ಬಂದದ್ದಕ್ಕೆ ಸಂತೋಷವಾಯಿತು ಅಂತ ಹೇಳಲಿಲ್ಲ. ಮಜ್ಜಿಗೆ ಇದೆಯಾ ಅಂತ ಕೇಳಿದೆ.

ಇವತ್ತು ಕಾಗವಾಡಕ್ಕೆ ಹೋಗಿ ನೆಲ ನೋಡಿದೆ. ಶಹಾಬಾದಿ ಫರಸಿ ಕಲ್ಲು, ಐವತ್ತು ವರ್ಷದ್ದು. ಮಟ್ಟ ನೋಡುವ ನೀರಿನ ಪೈಪು ಹಿಡಿದು ಅಳೆದರೆ ತಲೆಬಾಗಿಲಿನಿಂದ ಅಡುಗೆಮನೆಗೆ ಒಂದೂವರೆ ಇಂಚು ವ್ಯತ್ಯಾಸ. ನಡುವೆ ಗುಂಡಿ, ದಿಬ್ಬ, ಎಲ್ಲ. ಕಂಬದ ಹತ್ತಿರ ಒಂದು ಕಲ್ಲು ಕಾಲಿಟ್ಟರೆ ಅಲ್ಲಾಡುತ್ತದೆ. ಮೊದಲು ತಗ್ಗಿಗೆ ಸಿಮೆಂಟ್ ತುಂಬಬೇಕು, ಮೇಲೆ ಕಾಲು ಇಂಚು ಪುಡಿ.

ಅಜ್ಜಿಯನ್ನು ಮನೆಯವರೆಲ್ಲ ಆಯಿ ಅನ್ನುತ್ತಾರೆ. ನಾನೂ ಅಂದೆ. ಬಿಳಿ ಸೀರೆ, ಹಿಡಿಯಷ್ಟು ಮೈ. ನಾನು ಅಳೆಯುವಾಗ ಗೋಡೆಗೊರಗಿ ಕೂತು ಕೇಳಿಸಿಕೊಂಡರು. ಎಷ್ಟು ದಪ್ಪ, ಎಷ್ಟು ನೀರು ಬೇಕು, ಎಲ್ಲ ಕೇಳಿದರು. ಕೊನೆಗೆ ಹೊತ್ತು ಮುಳುಗುವ ಮೊದಲು ಉಂಡು ಹೋಗು ತಮ್ಮಾ ಅಂದರು. ಉಂಡೆ. ಕತ್ತಲಾದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

೨೫ ಏಪ್ರಿಲ್, ಸೋಮವಾರ. ಕಾಗವಾಡ

ಮಧ್ಯಾಹ್ನ ೪೧. ನೆರಳಲ್ಲಿ. ತಗ್ಗು ತುಂಬಿದ್ದು ಚೆನ್ನಾಗಿ ಒಣಗಿದೆ. ಮನೆಯವರೆಲ್ಲ ಕೊಟ್ಟಿಗೆ ಪಕ್ಕದ ಮಾಳಿಗೆಗೆ ಹೋಗಿದ್ದಾರೆ.

ಇಂಥ ಬಿಸಿಲಿಗೆ ಪುಡಿ ನಿಲ್ಲುವುದಿಲ್ಲ, ಬಕೆಟ್ಟಿನಲ್ಲೇ ಬಿಗಿದುಕೊಳ್ಳುತ್ತದೆ. ಬೆಳಗಿನ ನಾಲ್ಕಕ್ಕೆ ಶುರು ಮಾಡುತ್ತೇನೆ ಅಂದೆ. ಧರಣೇಂದ್ರ ಅಣ್ಣಾ ಆಗುವುದಿಲ್ಲ ಅಂದರು. ದೀಪ ಹಚ್ಚಿದರೆ ಹುಳ ಬರುತ್ತವೆ, ದೀಪಕ್ಕೂ ಬೀಳುತ್ತವೆ, ಹಸಿ ನೆಲಕ್ಕೂ ಬೀಳುತ್ತವೆ. ಆಯಿ ನಡೆಯುವ ನೆಲದೊಳಗೆ ಸತ್ತ ಹುಳ ಇರಬಾರದು. ಹೊತ್ತು ಮೂಡಿದ ಮೇಲೇ ಕೆಲಸ. ನೀರೂ ಬಾವಿಯದು, ಸೋಸಿದ್ದೇ ಆಗಬೇಕು.

ಪುಣೆಯ ಎಂಜಿನಿಯರ್ ಇದನ್ನು ಹೇಳಿಕೊಟ್ಟಿರಲಿಲ್ಲ.

೨೬ ಏಪ್ರಿಲ್, ಮಂಗಳವಾರ

ಹಾಳಾಯಿತು.

ಆರಕ್ಕೆ ಹೊತ್ತು ಮೂಡಿತು. ಆಮೇಲೆ ಆಯಿ ನೀರು ಸೋಸಲು ಕೂತರು. ನೆಲಕ್ಕೆ ಬೇಕಾದಷ್ಟೂ ನಾನೇ ಸೋಸಿ ಕೊಡುತ್ತೇನೆ ಅಂತ ಹಟ. ಗಡಿಗೆಯ ಬಾಯಿಗೆ ಎರಡು ಮಡಿಕೆ ಬಟ್ಟೆ, ನಿಧಾನ ಸುರಿಯುವುದು, ಬಟ್ಟೆಯನ್ನು ಜಾಲಾಡಿ ಆ ನೀರನ್ನು ಮತ್ತೆ ಬಾವಿಗೇ ಬಿಡುವುದು. ಬಾವಿಯ ಜೀವ ಬಾವಿಗೇ ಹೋಗಬೇಕಂತೆ. ಮೊದಲೇ ಸೋಸಿಡೋಣ ಅಂದರೆ ಸೋಸಿದ ನೀರು ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ ಮಾತ್ರ ನಡೆಯುತ್ತದೆ, ಆಮೇಲೆ ಮತ್ತೆ ಸೋಸಬೇಕು.

ಸುರಿಯಲು ಶುರು ಮಾಡಿದಾಗ ಏಳೂವರೆ. ಬೆಳಕಿಂಡಿಯಿಂದ ಬಿಸಿಲು ನೆಲದ ಮೇಲೇ ಬಿದ್ದಿತ್ತು. ನೀರು ೩೦. ಎರಡನೇ ಬಕೆಟ್ ಸುರಿಯುವಷ್ಟರಲ್ಲಿ ಮೊದಲನೆಯದು ಹೆಪ್ಪುಗಟ್ಟಿತು. ಒಂದಕ್ಕೊಂದು ಕೂಡಲಿಲ್ಲ. ಹತ್ತು ಗಂಟೆಗೆ ಬಿರುಕು.

ಚನ್ನವ್ವನ ಮೇಲೆ ಕೂಗಾಡಿದೆ. ಎಲ್ಲರ ಮುಂದೆ. ಲಗೂ ಕಲಸಾಕ ಬರೂದಿಲ್ಲೇನು ಅಂತ. ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ಆಯಿಯನ್ನು ಬಯ್ಯಲಾಗದೆ ಇವಳನ್ನು ಬಯ್ದೆ. ಅವಳು ಬಕೆಟ್ ತೊಳೆಯಲು ಎದ್ದು ಹೋದಳು.

ಬರೆಯುವಾಗ ನಾಚಿಕೆ ಆಗುತ್ತಿದೆ. ಆಗ ಆಗಲಿಲ್ಲ.

೩೦ ಏಪ್ರಿಲ್, ಶನಿವಾರ

ನಾಲ್ಕು ದಿನ ಕೆರೆದು ತೆಗೆದದ್ದಾಯಿತು. ಚನ್ನವ್ವ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ. ಹೊಸ ಚೀಲ ಪುಣೆಯಿಂದ ಲಾರಿಯಲ್ಲಿ ಬಂದಿವೆ. ಅಕ್ಷಯ ತದಿಗೆ ೧೩ಕ್ಕೆ. ಇನ್ನೊಮ್ಮೆ ಕೆಟ್ಟರೆ ಪುಡಿಯೂ ಇಲ್ಲ, ದಿನವೂ ಇಲ್ಲ.

ಮಧ್ಯಾಹ್ನ ಇಬ್ಬರೂ ಹೆಂಗಸರು ಬಾವಿಕಟ್ಟೆಯಲ್ಲಿ ಕೂತು ಮಾತಾಡುತ್ತಿದ್ದರು. ಚನ್ನವ್ವ ಜನವರಿಯ ಕತೆ ಹೇಳುತ್ತಿದ್ದಳು, ಚಳಿಗೆ ನೀರು ಕಾಸಿದ್ದು. ಆಯಿ ಕೇಳಿ ಕೇಳಿ ನಕ್ಕರು. ಆಮೇಲೆ ನನ್ನನ್ನು ಕರೆದರು.

"ತಮ್ಮಾ, ಸೋಸಿದ್ದು ಎರಡ ಗಳಿಗಿ. ಸೋಸಿ ಕುದಿಸಿದ್ದು ಮರುದಿನದ ತನಕಾ ನಡೀತೈತಿ. ನಾವು ಕುಡಿಯೂದು ಅದನ್ನs ಅಲ್ಲೇನು. ಇವತ್ತ ಕಾಸಿ ಇಡು, ರಾತ್ರಿ ಆರತೈತಿ. ಮುಂಜಾನಿ ಹೊತ್ತ ಮೂಡೂ ಮುಂದ ನೀರ ತಯಾರ."

ತಣ್ಣೀರು ಬೇಕಾದರೆ ನೀರು ಕಾಸಬೇಕು! ಹದಿನೈದು ವರ್ಷ ಗಾರೆ ಕೆಲಸ ಮಾಡಿದ ಗೌಂಡಿ ನಾನು. ಇದು ಹೊಳೆಯಲಿಲ್ಲ.

ಮಾತು ಮುಗಿದ ಮೇಲೆ ಆಯಿ ಚನ್ನವ್ವನ ಕೈ ಹಿಡಿದು ಸವರಿ ನೋಡಿದರು. ಇದೇನು ಮಗಳ, ಕೈಯೆಲ್ಲ ಒಡೆದಾವಲ್ಲ ಅಂದರು. ಪುಡಿ ತಿಂದೈತ್ರಿ ಆಯಿ ಅಂತ ಇವಳು ಕೈ ಎಳೆದುಕೊಂಡಳು. ನಾನು ಪೈಪು ಸುತ್ತುತ್ತಿದ್ದೆ.

೩ ಮೇ, ಮಂಗಳವಾರ. ಬೆಳಿಗ್ಗೆ ೯

ಆಯಿತು. ಆಯಿತು!

ನಿನ್ನೆ ಸಂಜೆ ನಾಲ್ಕಕ್ಕೆ ಹಂಡೆ ಹಂಡೆ ನೀರು ಕುದಿಸಿ ಮಣ್ಣಿನ ಗಡಿಗೆಗಳಿಗೆ ತುಂಬಿ ಒದ್ದೆ ಬಟ್ಟೆ ಸುತ್ತಿಟ್ಟೆವು. ಬಾಯಿಗೆ ಆಯಿಯ ಬಟ್ಟೆ ಕಟ್ಟಿತ್ತು, ಹುಳ ಬೀಳದ ಹಾಗೆ. ಚೀಲಗಳು ಕಾಳಿನ ಕತ್ತಲೆ ಕೋಣೆಯಲ್ಲಿ. ಬೆಳಕಿಂಡಿಗೆ ಗೋಣಿ ತಟ್ಟು.

ಐದೂ ಐವತ್ತೆಂಟಕ್ಕೆ ಹೊತ್ತು ಮೂಡಿತು. ಗಡಿಗೆಯ ನೀರು ೨೨. ಚನ್ನವ್ವ ಕಲಸಿದಳು, ನಾನು ಸುರಿದೆ. ಕಾಲು ಮಾತ್ರ ಓಡುತ್ತಿದ್ದವು, ಬಾಯಿ ಇಲ್ಲ. ಪುಡಿ ಹಾಲಿನಂತೆ ಮೂಲೆಯವರೆಗೂ ಹೋಗಿ ನಿಂತಿತು. ಮುಕ್ಕಾಲು ಗಂಟೆಯಲ್ಲಿ ಪಡಸಾಲೆ ಪೂರ್ತಿ. ಪುಣೆಯಲ್ಲೂ ಇಂಥ ನೆಲ ಹಾಕಿರಲಿಲ್ಲ.

ಚನ್ನವ್ವ ಹೊಸ್ತಿಲಲ್ಲಿ ಕೂತು ನೋಡಿದಳು. ಎಂಟು ದಿನದ ಮೇಲೆ ನನ್ನ ಹತ್ತಿರ ತಾನಾಗಿ ಬಾಯಿ ಬಿಟ್ಟಳು. "ಚಲೋ ಬಂದೈತ್ರಿ" ಅಂದಳು. ಜೀವ ತಂಪಾಯಿತು.

೭ ಮೇ, ಶನಿವಾರ

ಇವತ್ತು ಆಯಿಯನ್ನು ಕರೆತಂದೆವು. ಮೊದಲ ಹೆಜ್ಜೆ ಅವರದೇ ಆಗಬೇಕು ಅಂತ ಮನೆಯವರು ಯಾರೂ ತುಳಿದಿರಲಿಲ್ಲ.

ಹೊಸ್ತಿಲು ದಾಟಿದರು. ಎರಡು ಹೆಜ್ಜೆ, ಮೂರು. ನಿಂತರು. ಹೆಬ್ಬೆರಳಿನಿಂದ ಎಡಕ್ಕೆ ತಡವಿದರು, ಬಲಕ್ಕೆ ತಡವಿದರು. ಇನ್ನೊಂದು ಹೆಜ್ಜೆ ಇಟ್ಟು ಕೈ ಮುಂದೆ ಚಾಚಿದರು. ನಟ್ಟನಡುವೆ ನಿಂತು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು.

"ತಮ್ಮಾ... ಇದ ಯಾರ ಮನಿ?"

ಸೊಸೆ ಹೋಗಿ ಕೈ ಹಿಡಿದರು.

ಆಮೇಲೆ ಕೂತು ಹೇಳಿದರು. ಸಿಟ್ಟಿಲ್ಲದೆ ಹೇಳಿದರು, ಅದೇ ಕಷ್ಟ. ಹೊಸ್ತಿಲ ಮುಂದೆ ಒಂದು ತಗ್ಗಿತ್ತು. ಅಲ್ಲಿಂದ ಐದು ಹೆಜ್ಜೆಗೆ ಮೂಲೆ ಮುರಿದ ಕಲ್ಲು. ಅಲ್ಲಿಂದ ಇಳಿಜಾರು, ಇಳಿಜಾರು ಮುಗಿದಲ್ಲಿ ಕಂಬ, ಕಂಬದಿಂದ ಎಡಕ್ಕೆ ಹೊರಳಿದರೆ ಅಡುಗೆಮನೆ. ಐವತ್ತು ವರ್ಷ ಕಾಲು ಓದಿದ ನೆಲ. ಕಣ್ಣು ಹೋದ ಮೇಲೂ ಅದೇ ದಾರಿ. ಹೋದ ವರ್ಷ ಬಿದ್ದದ್ದು ಕಂಬದ ಹತ್ತಿರ ಸಡಿಲವಾಗಿದ್ದ ಆ ಒಂದು ಕಲ್ಲಿನಿಂದ.

ಒಂದೇ ಕಲ್ಲು. ಒಂದು ಮುಂಜಾನೆಯ ಕೆಲಸ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗಾಯಿತು ನನ್ನದು. ಸಮ ಮಾಡು ಅಂದರೆ ಪೂರ್ತಿ ಸಮ ಮಾಡಿದೆ. ನಡೆಯುವವರನ್ನು ಕೇಳಲೇ ಇಲ್ಲ.

೮ ಮೇ, ಭಾನುವಾರ

ಕಾಗವಾಡಕ್ಕೆ ಹೋಗಲಿಲ್ಲ. ಧರಣೇಂದ್ರ ಅಣ್ಣಾ ಹೇಳಿ ಕಳಿಸಿದ್ದಾರೆ — ನೆಲ ಚೆನ್ನಾಗಿದೆ, ಬೇಜಾರು ಬೇಡ, ಅವ್ವನ ಕೈ ಹಿಡಿದು ನಡೆಸುತ್ತೇವೆ. ಆಯಿ ಮಾತ್ರ ಕೈ ಹಿಡಿಸಿಕೊಂಡು ಬರುವುದಿಲ್ಲವಂತೆ. ತಾನು ಎಡವಿದರೆ ಹಿಡಿದವರೂ ಬೀಳುತ್ತಾರೆ, ಮತ್ತೆ ಸ್ವಾಮಿಗಳಿಗೆ ಅಂತರಾಯ. ಕೊಟ್ಟಿಗೆಯೇ ಸರಿ ಅಂದರಂತೆ.

ಗೊಣಗಿದೆ. ಇಂಥ ನೆಲ ಬೆಳಗಾವಿ ತನಕ ತೋರಿಸಲಿ ನೋಡೋಣ ಅಂದೆ. ಚನ್ನವ್ವ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ನೆಲಾ ಯಾರ ಸಲುವಾಗಿ ಹಾಕಿದ್ರಿ? ಆಯಿ ಸಲುವಾಗೋ, ನಿಮ್ಮ ಸಲುವಾಗೋ?"

ಎದ್ದು ಹೋಗಿ ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡು ನಮ್ಮ ಮನೆಯಲ್ಲೇ ನಡೆದೆ. ಸಗಣಿ ಸಾರಿಸಿದ ನೆಲ. ಒಲೆಯ ಹತ್ತಿರದ ಗುಣಿ ಕಾಲಿಗೆ ಸಿಕ್ಕಿತು. ಅದರಾಚೆ ಬೀಸುವ ಕಲ್ಲಿನ ಮಗ್ಗುಲು ಸವೆದದ್ದೂ ಸಿಕ್ಕಿತು. ಬಾಗಿಲವರೆಗೆ ಒಮ್ಮೆಯೂ ಎಡವದೆ ಹೋದೆ. ಕಟ್ಟು ಬಿಚ್ಚಿದರೆ ಎದುರಿಗೆ ಚನ್ನವ್ವ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಅರ್ಧ ಚೀಲ ಪುಡಿ ಉಳಿದಿದೆ.

೧೦ ಮೇ, ಮಂಗಳವಾರ. ಕಾಗವಾಡ

ನನ್ನ ಕೈಯಾರೆ ನನ್ನ ನೆಲ ಕೆಡಿಸಿದೆ.

ನಿನ್ನೆ ಸಂಜೆ ನೀರು ಕಾಸಿ ಆರಿಸಿದ್ದು. ಪುಡಿ ಗಂಟು ಕಟ್ಟಿತ್ತು, ಚನ್ನವ್ವ ಹಿಟ್ಟಿನ ಜರಡಿಯಲ್ಲಿ ಹಿಡಿದಳು. ಹೊಸ್ತಿಲಿನಿಂದ ಅಡುಗೆಮನೆಯವರೆಗೆ ಗೇಣು ಅಗಲ ಒರಟು ಮಾಡಿಕೊಂಡು, ಮೇಲೆ ತೆಳ್ಳಗೆ ಒಂದು ಪಟ್ಟಿ ಎಳೆಯುತ್ತ ಹೋದೆ, ರೂಪಾಯಿ ನಾಣ್ಯದಷ್ಟು ದಪ್ಪ. ಬಿಗಿಯುವ ಮುಂಚೆ ಅದರ ಮೇಲೆ ಚನ್ನವ್ವ ತಲೆ ಬಾಚುವ ಕಟ್ಟಿಗೆಯ ಹಣಿಗೆ ಎಳೆದೆ. ಗೆರೆ ಗೆರೆ ಮೂಡಿದವು, ಕಾಲಿಗೆ ಸಿಗುವ ಹಾಗೆ. ನೋಡಿದ ಯಾವ ಗೌಂಡಿಯಾದರೂ ನಗುತ್ತಾನೆ.

ಆಯಿ ಪಕ್ಕದಲ್ಲೇ ಮಣೆ ಹಾಕಿ ಕೂತು ಹೇಳುತ್ತ ಬಂದರು. ಇಲ್ಲಿ ತಗ್ಗಿತ್ತು, ಇಲ್ಲಿ ಮುರಿದ ಕಲ್ಲು. ಅವರು ಹೇಳಿದಲ್ಲಿ ಗೆರೆ ಅಡ್ಡ ಎಳೆದೆ. ಕಂಬದ ಹತ್ತಿರ ಎರಡು ಅಡ್ಡಗೆರೆ, ಹೊರಳುವ ಗುರುತಿಗೆ. ಒಂದು ಬಕೆಟ್ಟಿಗೂ ಕಡಿಮೆ ಪುಡಿ, ತಪ್ಪಿದರೆ ಮತ್ತೆ ಇರಲಿಲ್ಲ. ಆರೂವರೆಗೆ ಮುಗಿಯಿತು.

ಚಳಿಗಾಲವಾಗಿದ್ದರೆ ಎರಡು ದಿನ ಕಾಯಬೇಕಿತ್ತು. ಏಪ್ರಿಲ್‌ನಿಂದ ಬಯ್ಯುತ್ತ ಬಂದ ಇದೇ ಬಿಸಿಲು ಮಧ್ಯಾಹ್ನಕ್ಕೆ ಕಲ್ಲು ಮಾಡಿಕೊಟ್ಟಿತು.

೧೨ ಮೇ, ಗುರುವಾರ

ಎರಡು ದಿನದಿಂದ ಆಯಿ ನಡೆದು ನೋಡುತ್ತಿದ್ದಾರೆ. ನಿನ್ನೆ ಕಂಬದ ಹತ್ತಿರ ಮೂರು ಸಲ ದಾರಿ ತಪ್ಪಿದರು. ಇವತ್ತು ಒಂದು ಸಲ. ಇಪ್ಪತ್ತೆರಡು ಹೆಜ್ಜೆ. ನಾಳೆ ಬರುತ್ತೀರಲ್ಲ ಆಯಿ ಅಂದೆ. ಮುಂಜಾನೆ ನೋಡೋಣ ಅಂದರು.

ಸ್ವಾಮಿಗಳಿಗೆ ಕೊಡುವ ರಸಕ್ಕೆ ಅಂತ ಒಂದು ಸಾಲು ಕಬ್ಬು ಕಡಿಯದೆ ಉಳಿಸಿದ್ದರು. ಇವತ್ತು ಕಡಿದು ತಂದರು.

೧೩ ಮೇ, ಶುಕ್ರವಾರ. ಅಕ್ಷಯ ತದಿಗೆ. ಮಧ್ಯಾಹ್ನ ೨

ಏಕಸಂಬಿ. ಮನೆಗೆ ಬಂದು ಕೂತೆ.

ನಾವು ಮಡಿಯವರಲ್ಲ, ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ಕಾಣುತ್ತಿತ್ತು. ಹತ್ತು ಗಂಟೆಗೆ ಸ್ವಾಮಿಗಳು ಬಂದರು. ಮನೆಯವರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ಬರಮಾಡಿಕೊಂಡರು. ಸಾಲಿನ ಕೊನೆಗೆ ಬಿಳಿ ಸೀರೆ. ಆಯಿ! ಕೊಟ್ಟಿಗೆಯಲ್ಲಿರಲಿಲ್ಲ.

ಸ್ವಾಮಿಗಳು ಒಳಗೆ ಹೋದರು, ಹಿಂದೆ ಎಲ್ಲರೂ, ಕಡೆಗೆ ಆಯಿ. ಧರಣೇಂದ್ರ ಅಣ್ಣಾ ರೂಢಿಯಂತೆ ಕೈ ಚಾಚಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಯಿ ಹೊಸ್ತಿಲು ದಾಟಿದರು. ಹೆಬ್ಬೆರಳು ಗೆರೆ ಹಿಡಿಯಿತು. ನಾನು ಎಣಿಸುತ್ತಿದ್ದೆ. ಐದು. ಒಂಬತ್ತು. ಹದಿಮೂರು.

ಕಂಬದ ಹತ್ತಿರ ನಿಂತರು.

ಸ್ವಾಮಿಗಳು ಅಡುಗೆಮನೆ ಬಾಗಿಲಲ್ಲಿ ಹೊರಳಿ ನೋಡಿದರು. ಯಾರೂ ಅಲುಗಲಿಲ್ಲ. ಆಯಿಯ ಬಲಗಾಲು ಗಾಳಿಯಲ್ಲೇ ಇತ್ತು. ಚನ್ನವ್ವ ನನ್ನ ತೋಳು ಹಿಡಿದಳು, ಉಗುರು ಊರುವಂತೆ. ಬಿದ್ದರೆ ಇನ್ನು ಈ ಕಸುಬು ಮಾಡುವುದಿಲ್ಲ ಅಂದುಕೊಂಡೆ, ನಿಜವಾಗಿ ಅಂದುಕೊಂಡೆ. ಕಾಲು ಕೆಳಗಿಳಿಯಿತು. ಬೆರಳು ಒಂದು ಅಡ್ಡಗೆರೆ ಮುಟ್ಟಿತು, ಇನ್ನೊಂದು ಮುಟ್ಟಿತು. ಆಯಿ ಎಡಕ್ಕೆ ಹೊರಳಿದರು. ಆಮೇಲೆ ನಿಲ್ಲಲಿಲ್ಲ. ಇಪ್ಪತ್ತೆರಡನೆಯದಕ್ಕೆ ಅಡುಗೆಮನೆಯ ಚೌಕಟ್ಟು ಹಿಡಿದು, ತಮ್ಮ ಮನೆಯಲ್ಲಿ ತಾವು ನಡೆಯುವವರ ಹಾಗೆ ಒಳಗೆ ಹೋದರು.

ಸ್ವಾಮಿಗಳು ಕಬ್ಬಿನ ರಸ ಸ್ವೀಕರಿಸಿದರು. ಮನೆಯವರು ಹೊರಗೆ ಬಂದು ಹೇಳಿದರು.

ಚನ್ನವ್ವ ಅಳುತ್ತಿದ್ದಳು, ನನ್ನ ತೋಳು ಬಿಟ್ಟಿರಲಿಲ್ಲ. ಆಗ ಆ ಕೈ ನೋಡಿದೆ. ಬೆರಳಿನ ಸಂದೆಲ್ಲ ಸೀಳು, ಸೀಳಿನೊಳಗೆ ಬಿಳಿ ಪುಡಿ, ಮಣಿಕಟ್ಟಿನ ಒಳಮಗ್ಗುಲು ಸುಲಿದು ಕೆಂಪಾಗಿದೆ. ಕಣ್ಣಿಲ್ಲದ ಆಯಿ ಹದಿಮೂರು ದಿನದ ಹಿಂದೆ ಕಂಡದ್ದು. ಜನವರಿಯಿಂದ ಗಾಳಿ ಎಷ್ಟು, ನೀರು ಎಷ್ಟು ಅಂತ ಬರೆದಿದ್ದೇನೆ. ಈ ಕೈ ಬಗ್ಗೆ ನಾನಾಗಿ ಒಂದು ಸಾಲು ಬರೆದಿಲ್ಲ.

ಬಂದವನೇ ಒಲೆ ಹೊತ್ತಿಸಿದೆ. ನೀರು ಕುದಿಯಿತು, ಇಳಿಸಿ ಅಗಲ ಬಾಯಿಯ ಪರಾತಕ್ಕೆ ಸುರಿದು ಆರಲು ಇಟ್ಟಿದ್ದೇನೆ. ಪಕ್ಕದಲ್ಲಿ ಕೊಬ್ಬರಿ ಎಣ್ಣೆ, ಹಳೆಯ ಮೆತ್ತನೆ ಧೋತರದ ತುಂಡು. ಹಿತ್ತಿಲಿನಿಂದ ಕೇಳುತ್ತಿದ್ದಾಳೆ, ಈ ಬಿಸಿಲಾಗ ಒಲಿ ಯಾಕ ಹಚ್ಚೀರಿ ಅಂತ. ಹೇಳಿಲ್ಲ.

ಥರ್ಮಾಮೀಟರ್ ಕಾಗವಾಡದಲ್ಲೇ ಮರೆತು ಬಂದಿದ್ದೇನೆ. ಮಣಿಕಟ್ಟು ಅದ್ದಿ ನೋಡಿದೆ. ಇನ್ನೂ ಚೂರು ಬಿಸಿ. ಈ ಸಾಲು ಮುಗಿಯುವಷ್ಟರಲ್ಲಿ ಹದಕ್ಕೆ ಬರುತ್ತದೆ, ಆಮೇಲೆ ಚನ್ನವ್ವಾ ಅಂತ ಒಮ್ಮೆ ಕರೆದು, ಅವಳ ಎರಡೂ ಕೈ ಹಿಡಿದು ಈ ನೀರಲ್ಲಿ ಅದ್ದಿ…